ಹೊಳೆಯಾಚೆಯ ಹೊಗಳಿಕೆ

ನಮ್ಮ ಸೀಮೆ ಬಹಳ ಪುಟ್ಟದು. ಟೀವಿಯಲ್ಲಿ ಬಣ್ಣಬಣ್ಣದ ಅಂಗಿ ತೊಟ್ಟು ಆಡುವ ದೊಡ್ಡ ತಂಡಗಳ ಪೈಕಿ ಒಂದಾದರೂ ನಮ್ಮ ಕಡೆಯದಲ್ಲ. ಆ ತಂಡಗಳು ಹೆಸರಿಟ್ಟುಕೊಂಡ ಊರುಗಳನ್ನು ಕಣ್ಣಾರೆ ಕಂಡವರೂ ನಮ್ಮಲ್ಲಿ ಕಡಿಮೆ. ಹಾಗಂತ ನಮಗೆ ಆಟದ ಹುಚ್ಚಿಲ್ಲ ಎಂದುಕೊಳ್ಳಬೇಡಿ. ಊರ ನಡುವೆ ಹೊಳೆ ಹರಿಯುತ್ತದೆ. ಈಚೆಗೆ ನಾವು, ಆಚೆಗೆ ಅವರು. ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಮರಳು ದಿಣ್ಣೆಯ ಮೇಲೆ ಎರಡು ಕಂಬ ನೆಟ್ಟು ವರ್ಷಕ್ಕೊಂದು ಖೋ ಖೋ ಪಂದ್ಯ ಆಡುತ್ತೇವೆ. ಗಂಡು ಹೆಣ್ಣು ಎನ್ನದೆ ಓಡಬಲ್ಲವರೆಲ್ಲ ಆಡುತ್ತಾರೆ. ಗೆದ್ದವರಿಗೆ ಕಪ್ಪೂ ಇಲ್ಲ, ಹಾರವೂ ಇಲ್ಲ. ಸೋತವರು ಗೆದ್ದವರ ಪೈಕಿ ಒಬ್ಬರನ್ನು ಆರಿಸಿ ತಮ್ಮ ಕಡೆಗೆ ಕರೆದುಕೊಂಡು ಹೋಗುತ್ತಾರೆ, ಅಷ್ಟೇ.

ಹೆಸರು ಕರೆಸಿಕೊಂಡವರು ಹೊತ್ತು ಮುಳುಗುವ ಮೊದಲು ಹಾಸಿಗೆ ಸುತ್ತಿಕೊಂಡು ಹೊಳೆ ದಾಟಬೇಕು. ದಾಟಿದ ಮೇಲೆ ಅವರು ಆ ದಂಡೆಯವರೇ. ಅಲ್ಲೇ ಮನೆ, ಅಲ್ಲೇ ಕೆಲಸ, ಅಲ್ಲೇ ಆಟ. ಮತ್ತೆ ಹಳೆಯ ದಂಡೆಗೆ ಕಾಲಿಡಬೇಕಾದರೆ ಮುಂದೆಂದಾದರೂ ಅವರ ಹೊಸ ತಂಡ ಗೆದ್ದು, ಹಳೆಯವರು ಸೋತು, ಅವರನ್ನೇ ಹೆಸರು ಹಿಡಿದು ಕರೆಯಬೇಕು. ನಡುನೀರಿನಲ್ಲಿ ನಿಂತು ಮಾತಾಡಲು ಮಾತ್ರ ಯಾರ ಅಡ್ಡಿಯೂ ಇಲ್ಲ. ಹಬ್ಬದ ದಿನ ಸೀರೆ ಎತ್ತಿ ಕಟ್ಟಿ, ಹೊಳೆಯ ನಡುವೆ ನಿಂತು, ಡಬ್ಬಿಯ ಮುಚ್ಚಳದಲ್ಲಿ ಮಕ್ಕಳಿಗೆ ಪಾಯಸ ಕುಡಿಸುವ ತಾಯಂದಿರನ್ನು ನಮ್ಮೂರು ಬಿಟ್ಟರೆ ಬೇರೆಲ್ಲೂ ನೋಡಲಾರಿರಿ.

ಇದರಿಂದಾಗಿ ನಮ್ಮಲ್ಲಿ ಯಾರೂ ಯಾರ ಆಟವನ್ನೂ ಹೊಗಳುವುದಿಲ್ಲ. ನಮ್ಮ ಹುಡುಗ ಚೆನ್ನಾಗಿ ಓಡುತ್ತಾನೆ ಎಂದು ಬಾಯಿಬಿಟ್ಟರೆ ಆಚೆಯವರ ಕೈಗೆ ಅವನನ್ನು ಎತ್ತಿ ಕೊಟ್ಟ ಹಾಗೆ. ಅದಕ್ಕೇ ಎಂಥ ಓಟ ಓಡಿದರೂ 'ಪರವಾಗಿಲ್ಲ' ಎನ್ನುತ್ತೇವೆ. ಈ ಅಭ್ಯಾಸ ಆಟದಿಂದ ಅಡಿಗೆಮನೆಗೂ ಬಂದು ಕೂತಿದೆ. ಗಂಡಂದಿರು ಎರಡೆರಡು ಸಲ ಬಡಿಸಿಕೊಂಡು ಉಂಡು, ಬೆರಳು ನೆಕ್ಕುತ್ತಾ 'ತಿನ್ನಬಹುದು' ಎಂದು ಏಳುತ್ತಾರೆ. ಒಮ್ಮೆ ದೂರದ ಪಟ್ಟಣದಿಂದ ಯಾವುದೋ ತಂಡಕ್ಕೆ ಹುಡುಗರನ್ನು ಆರಿಸಲು ಒಬ್ಬರು ಬಂದಿದ್ದರು. ನಿಮ್ಮಲ್ಲಿ ಒಳ್ಳೆ ಆಟಗಾರರು ಯಾರು ಎಂದು ಮನೆಮನೆಗೂ ಹೋಗಿ ಕೇಳಿದರು. ಎಲ್ಲರೂ ಅಷ್ಟಕ್ಕಷ್ಟೇ ಎಂಬ ಉತ್ತರ ಎಲ್ಲ ಮನೆಯಲ್ಲೂ ಸಿಕ್ಕಿತು. ಪಾಪ, ಎಳನೀರು ಕುಡಿದು ಹೋದರು.

ನಮ್ಮ ದಂಡೆಯ ತಂಡಕ್ಕೆ ಯಜಮಾನ ತಿಬ್ಬಯ್ಯ ಮಾವ. ಹೊಳೆಗೆ ಮುಖ ಮಾಡಿದ ರಾಗಿ ಮಿಲ್ಲು ಅವನದು. ಮಿಲ್ಲಿನ ಸದ್ದಿಗೆ ಎದುರಾಗಿ ಮಾತಾಡಿ ಮಾತಾಡಿ ಅವನ ಗಂಟಲು ಎಷ್ಟು ದೊಡ್ಡದಾಗಿತ್ತೆಂದರೆ, ಅವನು ಗುಟ್ಟು ಹೇಳಿದರೂ ಆಚೆ ದಂಡೆಯ ಎಮ್ಮೆಗಳು ತಲೆ ಎತ್ತುತ್ತಿದ್ದವು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ರಾಜಮಣಿ. ಅವಳು ನನ್ನ ಓರಗೆಯವಳು. ಚಿಕ್ಕಂದಿನಿಂದ ನಾವಿಬ್ಬರೂ ಅವನ ಕೈಯಲ್ಲೇ ಖೋ ಖೋ ಕಲಿತೆವು.

ಮಗಳ ಮೇಲೆ ಅವನು ಎರಚಿದ ಬೈಗುಳವನ್ನು ಒಟ್ಟು ಮಾಡಿದ್ದರೆ ಆ ಮಿಲ್ಲು ತುಂಬುತ್ತಿತ್ತು. "ಏ ದಂಡಪಿಂಡ, ಕಾಲೋ ಒನಕೆಯೋ?" ಎನ್ನುವನು. "ನಿನ್ನ ಮೈದಾನಕ್ಕೆ ಬಿಡೋದಕ್ಕಿಂತ ಕಂಬಾನೇ ಓಡಿಸ್ಬೋದು" ಎನ್ನುವನು. ರಾಜಮಣಿಯ ಓಟವೂ ನೋಡುವವರಿಗೆ ಹಾಗೇ ಇತ್ತು. ಇನ್ನೇನು ಬಿದ್ದಳು, ಇನ್ನೇನು ಸಿಕ್ಕಳು ಎನ್ನುವಂತೆ ಕಾಲಿಗೆ ಕಾಲು ತೊಡರಿಸಿಕೊಂಡು ಓಡುತ್ತಿದ್ದಳು. ಆದರೆ ಬೀಳುತ್ತಿರಲಿಲ್ಲ, ಸಿಗುತ್ತಲೂ ಇರಲಿಲ್ಲ. ಆ ಹುಡುಗಿಗೆ ಅದೃಷ್ಟ ಜಾಸ್ತಿ ಎಂದು ಆಚೆಯವರು ಮಾತಾಡಿಕೊಳ್ಳುತ್ತಿದ್ದರು. ನಮ್ಮ ಕಡೆಯವರು ಏನು ಅಂದುಕೊಂಡಿದ್ದರೋ, ಯಾರೂ ಬಾಯಿ ಬಿಡಲಿಲ್ಲ.

ನನ್ನ ಕಥೆಯೇ ಬೇರೆ. ನನ್ನ ಹೆಸರು ಚೆಲುವ, ಕಸುಬು ಟೈಲರಿಂಗು. ಕೂತು ಮಾಡುವ ಕೆಲಸದವನು ಎಷ್ಟು ಓಡಬಲ್ಲನೋ ಅಷ್ಟು ಓಡುತ್ತಿದ್ದೆ. ಆದರೆ ನಾನು ಯಾರನ್ನಾದರೂ ಮುಟ್ಟಿ ಔಟ್ ಮಾಡಿದಾಗ ತಿಬ್ಬಯ್ಯ ಮಾವ ಎದ್ದು ನಿಂತು "ಭೇ..." ಎಂದು ಬಾಯಿ ತೆರೆದು, ತಕ್ಷಣ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಮುಚ್ಚಿಕೊಂಡು, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಆಚೆ ದಂಡೆಯ ಕಡೆ ಕಳ್ಳನೋಟ ಹರಿಸುತ್ತಿದ್ದ. ಹೊಗಳಿಕೆಯೇ ಇಲ್ಲದ ಊರಿನಲ್ಲಿ ಆ ಅರ್ಧ ಅಕ್ಷರ ನನಗೆ ಏನಾಗಿತ್ತು ಎಂದು ಹೇಗೆ ಹೇಳಲಿ? ರವಿಕೆಗೆ ಗುಂಡಿ ಹಾಕುತ್ತಾ ಕೂತವನು ಸುಮ್ಮಸುಮ್ಮನೆ ನಗುತ್ತಿದ್ದೆ. ಅಳತೆ ಕೊಡಲು ಬಂದ ಹೆಂಗಸರು ನನ್ನನ್ನು ಅನುಮಾನದಿಂದ ನೋಡುತ್ತಿದ್ದರು. ನಾನು ಹುಟ್ಟಿದ್ದೇ ಖೋ ಖೋ ಆಡುವುದಕ್ಕೆ, ಹೊಲಿಗೆ ಬರೀ ಹೊಟ್ಟೆಪಾಡು ಎಂದು ನಿಜವಾಗಿಯೂ ನಂಬಿದ್ದೆ.

ಆ ವರ್ಷ ಪಂದ್ಯ ನಾವು ಗೆದ್ದೆವು. ಕೊನೆಯ ಸರದಿಯಲ್ಲಿ ನಮ್ಮವರೆಲ್ಲ ಔಟಾಗಿ ರಾಜಮಣಿ ಒಬ್ಬಳೇ ಉಳಿದಿದ್ದಳು. ಅವಳು ಔಟಾಗಿದ್ದರೆ ಸೋಲು ನಮ್ಮದೇ. ಆಚೆಯವರು ಒಬ್ಬರಾದ ಮೇಲೊಬ್ಬರು ಖೋ ಕೊಟ್ಟು ಅಟ್ಟಿದರು. ಇವಳು ಮುಗ್ಗರಿಸುತ್ತಾ, ತೂರಾಡುತ್ತಾ, ಒಮ್ಮೆ ಮರಳಿಗೆ ಕೈಯೂರಿ ಎದ್ದು, ಸೀಟಿ ಊದುವವರೆಗೂ ಯಾರ ಕೈಗೂ ಎಟುಕಲಿಲ್ಲ. ಅಷ್ಟು ಹೊತ್ತೂ ತಿಬ್ಬಯ್ಯ ಮಾವ ಹೊಳೆ ನಡುಗುವಂತೆ ಬೈಯುತ್ತಲೇ ಇದ್ದ. "ಎದ್ದೇಳೇ ಸೋಂಬೇರಿ! ನಿನ್ನ ಹಡೆದದ್ದಕ್ಕೆ ನಿಮ್ಮವ್ವ ನಾಚ್ಕೋಬೇಕು!" ಅಂದ. ಆ ಕೊನೆಯ ಮಾತು ಕೇಳಿ ರಾಜಮಣಿಯ ಮುಖ ಒಂದು ಗಳಿಗೆ ಬಿದ್ದುಹೋದದ್ದನ್ನು ನಾನು ಕಂಡೆ. ಕಂಡೂ ಸುಮ್ಮನಿದ್ದೆ. ನಾನು ಅಂದು ಒಬ್ಬರನ್ನು ಮುಟ್ಟಿದ್ದೆನಲ್ಲ, ನನಗೆ ನನ್ನದೇ ಗುಂಗು.

ಆಚೆಯವರ ಪರವಾಗಿ ಆರಿಸುವವಳು ದುಂಡಮ್ಮ. ಇಡ್ಲಿ ಹೋಟೆಲಿನವಳು, ಬಲು ಚುರುಕು ಕಣ್ಣಿನವಳು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಸಾಲನ್ನು ಒಂದು ತುದಿಯಿಂದ ನೋಡುತ್ತಾ ಬಂದಳು. ರಾಜಮಣಿಯ ಮುಂದೆ ನಿಲ್ಲಲೂ ಇಲ್ಲ. ನನ್ನ ಮುಂದೆ ಬಂದು ನಿಂತು, ನನ್ನನ್ನು ಬಿಟ್ಟು ತಿಬ್ಬಯ್ಯ ಮಾವನ ಮುಖ ನೋಡಿದಳು. ಮಾವ ನೆಲ ನೋಡಿದ. "ಈ ಟೈಲರ್ ಹುಡ್ಗನ್ನ ಕೊಡಿ. ಪಂದ್ಯದುದ್ದಕ್ಕೂ ಅವನ ಹೆಸರು ನುಂಗ್ಕೊಂಡು ನುಂಗ್ಕೊಂಡು ನಿಮ್ಮ ಯಜಮಾನ್ರಿಗೆ ಅಜೀರ್ಣ ಆಗೋಗಿದೆ" ಅಂದಳು. ಆಚೆಯವರೆಲ್ಲ ನಕ್ಕರು. ನನ್ನ ತಾಯಿ ಗೊಳೋ ಎಂದು ಅತ್ತಳು. ನಾನು ಮಾತ್ರ ಎದೆ ಉಬ್ಬಿಸಿಕೊಂಡು ನಿಂತಿದ್ದೆ.

ಮನೆಗೆ ಹೋಗಿ ಗಂಟು ಕಟ್ಟತೊಡಗಿದೆ. ಹೊಲಿಗೆ ಮಿಷಿನ್ನನ್ನು ಮೇಜಿನಿಂದ ಬಿಚ್ಚುತ್ತಿದ್ದಾಗ ರಾಜಮಣಿ ಬಂದು ಜಗಲಿಯ ಮೇಲೆ ಕುಳಿತಳು. ಮೊಣಕೈ ತರಚಿ ಮರಳು ಮೆತ್ತಿತ್ತು, ಒರೆಸಿಕೊಂಡೂ ಇರಲಿಲ್ಲ. "ನೀನು ಪುಣ್ಯವಂತ ಕಣೋ ಚೆಲುವ" ಅಂದಳು. ಹೊಳೆಯಾಚೆ ಹೋಗುವುದರಲ್ಲಿ ಎಂಥ ಪುಣ್ಯ ಎಂದು ನಾನು ಮೇಲುಮಾತಿಗೆ ಹೇಳಿದೆ. ಅವಳು ತಲೆಯಾಡಿಸಿದಳು. "ಹೋಗೋದಲ್ಲ. ಆ ದುಂಡಮ್ಮ ನನ್ನ ಮುಂದೆ ನಿಲ್ಲಲೂ ಇಲ್ಲ, ನೋಡ್ದಾ? ನಮ್ಮಪ್ಪ ಬೈತಾನೆ, ಅವನಿಗೆ ಕಣ್ಣು ಕಾಣ್ಸಲ್ಲ ಅಂತ ಇಷ್ಟು ದಿನ ಸಮಾಧಾನ ಮಾಡ್ಕೊಂಡಿದ್ದೆ. ಅವರಿಗೂ ಕಾಣಿಸ್ಲಿಲ್ಲ ಅಂದ್ರೆ ನನ್ನಲ್ಲೇ ಏನೂ ಇಲ್ಲ ಅಂತ ತಾನೇ? ಇನ್ಮೇಲೆ ನಾನು ಆಡಲ್ಲ. ಮಿಲ್ಲಲ್ಲಿ ಕೂತ್ಕೊಂಡು ಹಿಟ್ಟು ಅಳೀತೀನಿ."

ನೀನಿಲ್ಲದಿದ್ದರೆ ನಾವು ಇವತ್ತು ಗೆಲ್ಲುತ್ತಿರಲಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಹೊರಗೆ ಬರಲಿಲ್ಲ. ಹುಟ್ಟಿದಾರಭ್ಯ ಆಡದ ಮಾತು ಒಂದೇ ದಿನಕ್ಕೆ ನಾಲಿಗೆಗೆ ಒಗ್ಗುತ್ತದೆಯೇ? "ಪರವಾಗಿಲ್ಲ ಬಿಡು, ನೀನೂ ಆಡ್ತೀಯ" ಅಂದೆ. ಅವಳು ನಗಲೂ ಇಲ್ಲ. ಎದ್ದು ಹೋದಳು.

ಹೊರಡುವ ಮುನ್ನ ಮಿಲ್ಲಿಗೆ ಹೋಗಿ ತಿಬ್ಬಯ್ಯ ಮಾವನ ಕಾಲಿಗೆ ಬಿದ್ದೆ. ಅವನು ಒಳ್ಳೆ ಖುಷಿಯಲ್ಲಿದ್ದ, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಿದ್ದ. "ಮಾವ, ಊರೆಲ್ಲ ಬಾಯಿ ಹೊಲ್ಕೊಂಡಿದ್ರೂ ನೀವೊಬ್ರು ನನ್ನ ಆಟ ಗುರ್ತಿಸಿದ್ರಿ. ಸಾಯೋವರೆಗೂ ಮರೆಯಲ್ಲ" ಅಂದೆ. ಅವನು ಬೆಲ್ಲ ಅಗಿಯುವುದನ್ನು ನಿಲ್ಲಿಸಿದ. ನಾನು ಮುಂದುವರಿಸಿದೆ. "ರಾಜಮಣಿಗೆ ಸ್ವಲ್ಪ ಹೇಳಿ. ಇನ್ಮೇಲೆ ಆಡಲ್ವಂತೆ. ತನ್ನಲ್ಲಿ ಏನೂ ಇಲ್ಲ ಅಂತ ಕೂತವಳೆ." ಅವನು ನನ್ನ ಮುಖವನ್ನೇ ನೋಡಿದ. ನಾನು ಹೊರಗೆ ಬಂದಾಗ ಮಿಲ್ಲು ಬರಿದೇ ತಿರುಗುತ್ತಿತ್ತು. ಒಳಗಿದ್ದ ಮಾವ ಅದನ್ನು ನಿಲ್ಲಿಸಲೂ ಇಲ್ಲ, ರಾಗಿ ಸುರಿಯಲೂ ಇಲ್ಲ.

ಹೊತ್ತು ಇಳಿಯುತ್ತಿತ್ತು. ಎರಡೂ ದಂಡೆಯಲ್ಲಿ ಜನ ಸೇರಿದ್ದರು. ನಾನು ಹಾಸಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು, ಮಿಷಿನ್ನನ್ನು ತಲೆಯ ಮೇಲಿಟ್ಟುಕೊಂಡು ನೀರಿಗಿಳಿದೆ. ನಡುಹೊಳೆಗೆ ಬಂದಿರಬಹುದು, ಹಿಂದಿನಿಂದ ಮಾವನ ಗಂಟಲು ಕೇಳಿತು. "ನಿಂತ್ಕೊಳ್ಳೋ ಚೆಲುವ!" ಎಲ್ಲರೂ ತಿರುಗಿ ನೋಡಿದರು. ತಿಬ್ಬಯ್ಯ ಮಾವ ಹಿಟ್ಟು ಮೆತ್ತಿದ ಬನಿಯನ್ನಿನಲ್ಲೇ ಓಡಿಬಂದಿದ್ದ. "ದುಂಡಮ್ಮಕ್ಕ, ನೀನು ತಪ್ಪು ಆರಿಸ್ಕೊಂಡಿದ್ದೀಯ" ಅಂದ.

ಗೆದ್ದವರ ಯಜಮಾನನೇ ಬಾಯಿಬಿಟ್ಟು ತಪ್ಪು ಎಂದರೆ ಆಯ್ಕೆ ಬದಲಿಸಬಹುದು ಎಂಬ ಪದ್ಧತಿ ಊರಿನಲ್ಲಿ ಇತ್ತು. ಆದರೆ ಅದನ್ನು ಬಳಸಿದವರನ್ನು ಯಾರೂ ಕಂಡಿರಲಿಲ್ಲ. ತನ್ನ ಒಳ್ಳೆಯ ಆಟಗಾರನನ್ನು ತಾನಾಗಿಯೇ ತೋರಿಸಿಕೊಡುವ ಹುಚ್ಚ ಯಾರಿದ್ದಾನೆ? ದುಂಡಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ತಪ್ಪಾ? ಹಂಗಾದ್ರೆ ಯಾರು?"

"ನನ್ನ ಮಗಳು" ಅಂದ ಮಾವ. "ಈ ಚೆಲುವ ಒಳ್ಳೆ ಟೈಲರು. ಆಟಗಾರ ಅಲ್ಲ. ನಿಮ್ಮ ಕಣ್ಣು ಅವನ ಮೇಲಿರ್ಲಿ ಅಂತ ನಾನೇ ಬಾಯಿ ಮುಚ್ಕೊಳ್ಳೋ ನಾಟ್ಕ ಆಡ್ದೆ." ತಲೆಯ ಮೇಲಿನ ಮಿಷಿನ್ನು ನನಗೆ ಇದ್ದಕ್ಕಿದ್ದಂತೆ ಭಾರವಾಯಿತು. ಎರಡು ದಂಡೆಯ ಜನರ ನಡುವೆ ಮೊಣಕಾಲುದ್ದ ನೀರಿನಲ್ಲಿ ನಿಂತು ಆ ಮಾತು ಕೇಳಿಸಿಕೊಳ್ಳುವುದಿದೆಯಲ್ಲ, ಶತ್ರುವಿಗೂ ಬೇಡ. ಆದರೆ ಮಾವ ನನ್ನನ್ನು ನೋಡುತ್ತಿರಲಿಲ್ಲ. ಅವನು ಮಿಲ್ಲಿನ ಬಾಗಿಲಲ್ಲಿ ನಿಂತಿದ್ದ ರಾಜಮಣಿಯನ್ನು ನೋಡುತ್ತಿದ್ದ.

"ಅವಳು ಇಷ್ಟುದ್ದ ಇದ್ದಾಗ ಮಿಲ್ಲಿನ ಮುಂದೆ ಕೋಳಿ ಅಟ್ಟಿಸ್ಕೊಂಡು ಓಡ್ತಿದ್ಲು. ಕೋಳಿ ತಿರುಗೋಕ್ ಮುಂಚೆ ಇವಳು ತಿರುಗಿದ್ಲು. ಅವತ್ತೇ ಗೊತ್ತಾಯ್ತು ನಂಗೆ, ಈ ಮಗು ನನ್ನ ಮನೇಲಿ ಉಳಿಯಲ್ಲ ಅಂತ. ಆ ಮುಗ್ಗರಿಸೋದು ಮುಗ್ಗರಿಸೋದಲ್ಲ. ನಾನೇ ಹೇಳ್ಕೊಟ್ಟದ್ದು. ಬೀಳೋ ಹಂಗೆ ಓಡು, ಯಾರ ಕಣ್ಣಿಗೂ ಬೀಳ್ಬೇಡ ಅಂತ. ಹಿಂದಿಂದ ಬರೋರ ಉಸಿರು ಕೇಳಿ ಓಡ್ತಾಳೆ ಅವಳು, ಕಣ್ಣಲ್ಲಿ ನೋಡಿ ಅಲ್ಲ. ಕಂಬದತ್ರ ಬಲಗಾಲು ಒಳಕ್ಕಿಟ್ಟು ತಿರುಗ್ತಾಳಲ್ಲ, ಹಂಗೆ ತಿರುಗೋರನ್ನ ಈ ಹೊಳೆಯ ಎರಡು ದಂಡೇಲೂ ನಾನು ನೋಡಿಲ್ಲ. ಅವಳು ಚೆನ್ನಾಗಿ ಆಡಿದಾಗೆಲ್ಲ ನಾನು ಬೈದಿದ್ದೀನಿ. ಎಷ್ಟು ಬೈದಿದ್ದೀನಿ ಅಂತ ಊರಿಗೆಲ್ಲ ಗೊತ್ತು."

ದುಂಡಮ್ಮನ ದನಿ ಮೆತ್ತಗಾಗಿತ್ತು. "ತಿಬ್ಬಣ್ಣ, ಒಬ್ಬಳೇ ಮಗಳು. ಯೋಚ್ನೆ ಮಾಡಿ ಹೇಳ್ತಿದ್ದೀಯ ತಾನೇ?" ಮಾವ ಹೂಂ ಎಂದು ತಲೆಯಾಡಿಸಿದ. ದುಂಡಮ್ಮ ಒಂದು ಸಲ ನಿಟ್ಟುಸಿರುಬಿಟ್ಟು, ಚೆಲುವ ವಾಪಸ್ಸು ಹೋಗಲಿ, ರಾಜಮಣಿ ಬರಲಿ ಎಂದಳು.

ನಾನು ಅಲ್ಲೇ ನಿಂತಿದ್ದೆ. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಹೋಗಲು ಮುಖವಿಲ್ಲ. ಸ್ವಲ್ಪ ಹೊತ್ತಿಗೆ ರಾಜಮಣಿ ಹಾಸಿಗೆ ಸುತ್ತಿಕೊಂಡು ನೀರಿಗಿಳಿದಳು. ನನ್ನ ಹತ್ತಿರ ಬಂದು ನಿಂತು, ವಾಲುತ್ತಿದ್ದ ಮಿಷಿನ್ನನ್ನು ಒಂದು ಕೈಯಿಂದ ನೆಟ್ಟಗೆ ಮಾಡಿದಳು. ಅವಳ ಕಣ್ಣು ಕೆಂಪಾಗಿತ್ತು. "ಚೆಲುವ, ಅಪ್ಪ ಹೇಳಿದ್ದು ನಿಜವೇನೋ?" ಎಂದು ಪಿಸುಗುಟ್ಟಿದಳು. ನಿಜ ಎಂದರೆ ನನ್ನ ಬಗ್ಗೆ ಹೇಳಿದ್ದೂ ನಿಜ ಎಂದ ಹಾಗಾಗುತ್ತಿತ್ತು. "ಒಂದು ಮಾತೂ ಸುಳ್ಳಲ್ಲ" ಅಂದೆ. ನನ್ನ ಜೀವಮಾನದಲ್ಲಿ ನಾನು ಇನ್ನೊಬ್ಬರ ಆಟವನ್ನು ಹೊಗಳಿದ್ದು ಅದೇ ಮೊದಲು.

ಆಮೇಲಿನ ದಿನಗಳು ನನಗೆ ಸುಖದವೇನೂ ಆಗಿರಲಿಲ್ಲ. ಊರಿನ ಪಡ್ಡೆಗಳು ನನ್ನ ಅಂಗಡಿಯ ಮುಂದೆ "ಭೇ..." ಎಂದು ಬಾಯಿ ಮುಚ್ಚಿಕೊಂಡು ಓಡುತ್ತಿದ್ದರು. ಮಾವನ ಮೇಲೆ ನನಗೆ ಕೋಪವಿತ್ತು, ಮಿಲ್ಲಿನ ಕಡೆ ಕೆಲವು ವಾರ ತಲೆ ಹಾಕಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅವನೇ ಹರಿದ ಬನಿಯನ್ನು ಹಿಡಿದುಕೊಂಡು ಬಂದ. ನಾನು ಹೊಲಿದು ಕೊಟ್ಟೆ. ಅವನು ಹೊಲಿಗೆಯ ಮೇಲೆ ಬೆರಳಾಡಿಸಿ, "ಹೊಲಿಗೆ ಚೆನ್ನಾಗಿದೆ ಕಣೋ" ಅಂದ. ಪೂರ್ತಿ ಮಾತು, ಬಾಯಿ ಮುಚ್ಚಿಕೊಳ್ಳದೆ. ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಕೋಪ ಪೂರ್ತಿ ಇಳಿದಿರಲಿಲ್ಲ, ಆದರೂ ತೆಗೆದುಕೊಳ್ಳಲಿಲ್ಲ.

ಆಚೆ ದಂಡೆಯಲ್ಲಿ ರಾಜಮಣಿ ದುಂಡಮ್ಮನ ಮನೆಯಲ್ಲೇ ಇದ್ದಳು. ಬೆಳಿಗ್ಗೆ ಇಡ್ಲಿ ಬೇಯಿಸುವುದು, ಸಂಜೆ ದಂಡೆಯ ಬಯಲಿನಲ್ಲಿ ಅಭ್ಯಾಸ. ಮೊದಮೊದಲು ಅಲ್ಲಿಯೂ ಮುಗ್ಗರಿಸಿಯೇ ಓಡುತ್ತಿದ್ದಳು. ಒಂದು ಸಂಜೆ ಮಾವ ಮಿಲ್ಲಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದವನು ತಡೆಯಲಾರದೆ ಕೂಗಿದ. "ನೆಟ್ಟಗೆ ಓಡವ್ವ! ಇನ್ನು ಯಾರಿಗೆ ಹೆದರ್ಬೇಕು?" ಅವಳು ನಿಂತಳು, ಸೆರಗು ಬಿಗಿದಳು, ಓಡಿದಳು. ನಾನೂ ನೋಡುತ್ತಿದ್ದೆ. ಓಟ ಎಂದರೆ ಹಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮಾವ ಗಂಟಲು ಹರಿಯುವ ಹಾಗೆ ಹೊಗಳಿದ. ನಮ್ಮ ಕಡೆಯವರು ಅವನನ್ನು ತರಾಟೆಗೆ ತೆಗೆದುಕೊಂಡರು, ಎದುರಾಳಿಯನ್ನು ಹೊಗಳುವ ಯಜಮಾನನನ್ನು ಕಂಡಿಲ್ಲ ಎಂದರು. ಮಾವ ತಣ್ಣಗೆ, "ನಮ್ಮವರನ್ನ ಹೊಗಳಿದ್ರೆ ತಾನೇ ನಷ್ಟ? ಅವಳು ಈಗ ನಮ್ಮವಳಲ್ಲವಲ್ಲ" ಅಂದ. ಅಂದಿನಿಂದ ದಿನಾ ಸಂಜೆ ಮಿಲ್ಲು ನಿಂತ ಮೇಲೆ ಅವನ ಗಂಟಲು ಶುರುವಾಗುತ್ತಿತ್ತು. ಆಚೆಯಿಂದ ಅವಳ ನಗು ಕೇಳಿಸುತ್ತಿತ್ತು. ಆದರೆ ಸಂಜೆ ಕಳೆದು ಒಬ್ಬನೇ ಅನ್ನ ಬಸಿಯುವಾಗ ಅವನು ಎಷ್ಟು ಸುಮ್ಮನಿರುತ್ತಿದ್ದ ಎಂಬುದೂ ನನಗೆ ಗೊತ್ತು.

ಮರು ಬೇಸಿಗೆಯ ಪಂದ್ಯದಲ್ಲಿ ನಾವು ಸೋತೆವು. ಸೋಲದೆ ಇನ್ನೇನು? ರಾಜಮಣಿಯನ್ನು ಹಿಡಿಯಲು ನಮ್ಮಲ್ಲಿ ಯಾರಿಂದಲೂ ಆಗಲಿಲ್ಲ, ನನ್ನ ಮಾತಂತೂ ಬಿಡಿ. ಸೋತರೂ ನಮ್ಮ ದಂಡೆಯಲ್ಲಿ ಯಾರಿಗೂ ಬೇಸರವಿರಲಿಲ್ಲ. ಈಗ ಆರಿಸುವ ಸರದಿ ನಮ್ಮದು, ಆರಿಸುವವನು ತಿಬ್ಬಯ್ಯ ಮಾವ. ಅವನು ಯಾರ ಹೆಸರು ಕರೆಯುತ್ತಾನೆ ಎಂದು ಕೇಳುವುದೇ ಬೇಡವಾಗಿತ್ತು. ನನ್ನ ತಾಯಿ ಆಗಲೇ ಮಿಲ್ಲಿನ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿದ್ದಳು. ಆಚೆ, ಗೆದ್ದವರ ಸಾಲಿನಲ್ಲಿ ನಿಂತಿದ್ದ ರಾಜಮಣಿಯ ಕಾಲ ಬಳಿ ಹಾಸಿಗೆ ಸುತ್ತಿಟ್ಟಿತ್ತು. ಹೆಸರು ಕರೆಯುವ ಮೊದಲೇ ಕಟ್ಟಿ ತಂದಿದ್ದಳು.

ಮಾವ ಹೊಳೆ ದಾಟಿ ಹೋಗಿ ಸಾಲಿನ ಮುಂದೆ ನಡೆದ. ಮಗಳ ಮುಂದೆ ನಿಂತ, ಅವಳ ಮುಖ ನೋಡಿದ, ಹಾಸಿಗೆ ನೋಡಿದ. ಆಮೇಲೆ ಮುಂದೆ ಹೋಗಿ, ಎಲ್ಲರಿಗಿಂತ ಮೊದಲು ಔಟಾಗಿದ್ದ ಒಬ್ಬ ಹುಡುಗನ ಭುಜದ ಮೇಲೆ ಕೈಯಿಟ್ಟು "ಪುಟ್ಮಾದ" ಅಂದ. ಪುಟ್ಮಾದ, ತನ್ನ ಹಿಂದೆ ಬೇರೆ ಯಾರೋ ಪುಟ್ಮಾದ ಇರಬೇಕೆಂದು ತಿರುಗಿ ನೋಡಿದ. ಜನ ಗುಜುಗುಜು ಎಂದರು. ಮಾವ ಯಾರಿಗೂ ಉತ್ತರ ಕೊಡದೆ ನೀರಿಗಿಳಿದು ಈಚೆಗೆ ಹೊರಟ.

"ಅಪ್ಪಾ!" ರಾಜಮಣಿ ದಂಡೆಯ ಅಂಚಿಗೆ ಓಡಿಬಂದಳು. "ನಾನು ಬೇಡ್ವಾ ನಿಂಗೆ?"

ಮಾವ ನಡುನೀರಿನಲ್ಲಿ ತಿರುಗಿದ. "ಬೇಕು ಕಣವ್ವ. ಅನ್ನ ಬಸಿಯೋವಾಗೆಲ್ಲ ಬೇಕು ಅನ್ಸುತ್ತೆ" ಅಂದ. "ಆದ್ರೆ ನೀನು ಮನೆಗೆ ಬಂದ್ರೆ ಮತ್ತೆ ನನ್ನವಳಾಗ್ತೀಯ. ನನ್ನವಳಾದ್ರೆ ಮತ್ತೆ ಹೆದ್ರಿಕೆ ಶುರು ಆಗುತ್ತೆ. ಬೈದೂ ಬೈದೂ ನಿನ್ನ ಮುಗ್ಗರಿಸೋ ಹಂಗೆ ಮಾಡ್ತೀನಿ. ನನ್ನ ಬುದ್ಧಿ ನಂಗೆ ಗೊತ್ತು. ಅಲ್ಲೇ ಇರು. ನೀನು ಅಲ್ಲಿದ್ರೇನೇ ನಾನು ಬಾಯ್ತುಂಬ ಮಾತಾಡೋಕಾಗೋದು."

ರಾಜಮಣಿ ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ. ಹಾಸಿಗೆಯನ್ನು ಎತ್ತಿ ದುಂಡಮ್ಮನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ನೀರಿಗಿಳಿದು ಬಂದು ಅಪ್ಪನ ಎದುರು ನಿಂತಳು. "ಹಂಗಾದ್ರೆ ಹೇಳು" ಅಂದಳು. "ಇವತ್ತು ಹೆಂಗಾಡ್ದೆ?"

ಮಾವ ಸುತ್ತ ನೆರೆದವರನ್ನೆಲ್ಲ ಒಂದು ಸಲ ನೋಡಿದ. ಗಂಟಲು ಸರಿಮಾಡಿಕೊಂಡು, ಅವಳು ಕಂಬದ ಬಳಿ ಮೊದಲ ಹೆಜ್ಜೆ ಇಟ್ಟಲ್ಲಿಂದ ಶುರು ಮಾಡಿದ. ಯಾವ ಕಾಲು ಮುಂದಿತ್ತು, ಭುಜ ಎತ್ತ ವಾಲಿತ್ತು, ಅಟ್ಟಿಸಿಕೊಂಡು ಬಂದವನನ್ನು ಹೇಗೆ ಹತ್ತಿರ ಬಿಟ್ಟುಕೊಂಡು ಹೇಗೆ ತಪ್ಪಿಸಿದಳು ಎಂದು ಒಂದನ್ನೂ ಬಿಡದೆ ಹೇಳತೊಡಗಿದ. ಅವಳು ಸೀರೆಯ ನೆರಿಗೆ ಹಿಡಿದುಕೊಂಡು ಕೇಳುತ್ತಿದ್ದಳು. ಎರಡು ದಂಡೆಯ ಜನರೂ ಸ್ವಲ್ಪ ಹೊತ್ತು ನಿಂತು ನೋಡಿ, ಆಮೇಲೆ ಒಬ್ಬೊಬ್ಬರಾಗಿ ಮನೆಗೆ ಹೋದರು. ಹೊತ್ತು ಮುಳುಗುವ ವೇಳೆಗೆ ಪುಟ್ಮಾದ ಹಾಸಿಗೆ ಹೊತ್ತುಕೊಂಡು ಬಂದ. ಅವರಿಬ್ಬರಿಗೂ ತೊಂದರೆಯಾಗದಂತೆ ದೂರದಿಂದ ಸುತ್ತು ಹಾಕಿ ಹೊಳೆ ದಾಟಿದ. ಮಾವ ಇನ್ನೂ ಮೊದಲನೆಯ ಓಟದಲ್ಲೇ ಇದ್ದ.